ತವರಿಗೆ ಬಂದವಳ ಜ್ವರ

1955ರಲ್ಲಿ ನಾನು ಮುಂಡರಗಿ ಭಾಗದಲ್ಲಿ ಮಲೇರಿಯಾ ಡಾಕ್ಟರನಾಗಿದ್ದೆ. ಏಕೀಕರಣದ ಮಾತು ಎಲ್ಲರ ಬಾಯಲ್ಲಿತ್ತು. ಸಂಬಳ ಮಾತ್ರ ಇನ್ನೂ ಮುಂಬಯಿ ಸರಕಾರದ್ದು. ಹಳ್ಳಿಗಳಲ್ಲಿ ರಕ್ತದ ಹನಿ ತೆಗೆದು, ಗಾಜಿಗೆ ಸವರಿ, ಮೈಕ್ರೋಸ್ಕೋಪಿನಲ್ಲಿ ರೋಗದ ಜೀವಿ ಹುಡುಕುವುದು ನನ್ನ ಕೆಲಸ.

ಆ ಮಳೆಗಾಲ ಡಂಬಳದ ಕೆರೆ ತುಂಬಿತ್ತು, ಸೊಳ್ಳೆಗಳಿಗೆ ಸುಗ್ಗಿ. ಮೂರು ವರ್ಷದ ಹಿಂದೆ ಕುರ್ತಕೋಟಿಗೆ ಮದುವೆ ಮಾಡಿ ಕೊಟ್ಟಿದ್ದ ಶಾಂತವ್ವ ಚೊಚ್ಚಲ ಹೆರಿಗೆಗೆಂದು ಡಂಬಳದ ತವರಿಗೆ ಬಂದವಳು ಕೆಲವೇ ವಾರಗಳಲ್ಲಿ ಚಳಿಜ್ವರ ಹಿಡಿದು ಮಲಗಿದಳು. ನಾನು ಹೋದಾಗ ಎರಡು ಕೌದಿ ಹೊದ್ದರೂ ನಡುಗುತ್ತಿದ್ದಳು. ಇಂಥ ಜ್ವರ ಹೊಟ್ಟೆಯ ಕೂಸನ್ನೂ ತಾಯಿಯನ್ನೂ ಒಯ್ದುಬಿಡಬಹುದು. ನನಗೆ ಹೆದರಿಕೆಯಾಯಿತು.

ಆದರೆ ಅವಳ ಅವ್ವ ನೀಲವ್ವ ನಾನು ಕೊಡಹೋದ ಮಲೇರಿಯಾ ಗುಳಿಗೆಗೆ ಅಡ್ಡ ನಿಂತಳು.

"ಇದು ಮಲೇರಿಯಾ ಅಲ್ರಿ ಸಾಹೇಬ್ರ. ಈಕಿ ಇದೇ ಊರಾಗ ಬೆಳೆದಾಕಿ. ಸಣ್ಣಾಕಿದ್ದಾಗ ಜ್ವರ ಬಂದು ಮುಗದಾವು, ಆಮ್ಯಾಲ ಒಂದಿನಾನೂ ಮಲಗಿಲ್ಲ. ಬಸುರಿಗಿ ಗುಳಿಗಿ ಕೊಟ್ಟು ಕೂಸು ಹ್ವಾದ್ರ ಬೀಗರಿಗೆ ಏನಂತ ಹೇಳ್ಲಿ?"

ಆ ಮಾತು ನನ್ನ ತಲೆ ಕೊರೆಯಿತು. ಆಗ ಈಕೆ ಗೆದ್ದ ಜ್ವರ ಈಗ ಈಕೆಯನ್ನೇಕೆ ಗೆಲ್ಲುತ್ತಿದೆ? ಇದೇ ಊರಲ್ಲೇ ಇರುವ ಅವ್ವ ಹೇಗೆ ಗಟ್ಟಿಯಾಗಿದ್ದಾಳೆ? ತಾಯಿ ಮಗಳು ಇಬ್ಬರ ಬೆರಳಿನಿಂದಲೂ ರಕ್ತ ತೆಗೆದು ಮನೆಯ ಮುಂದಿನ ಕಟ್ಟೆಯ ಮೇಲೇ ಪರೀಕ್ಷೆಗೆ ಕೂತೆ. ಮಗಳ ರಕ್ತದಲ್ಲಿ ಜೀವಿಗಳು ಕಿಕ್ಕಿರಿದಿದ್ದವು. ಒಳಗೆ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದ ಅವ್ವನ ರಕ್ತದಲ್ಲೂ ಅಲ್ಲೊಂದು ಇಲ್ಲೊಂದು ಕಂಡವು!

"ಯವ್ವಾ, ನಿಮ್ಮ ಮೈಯಾಗೂ ಐತಿ," ಎಂದೆ. "ವರ್ಷಾ ವರ್ಷಾ ಸೊಳ್ಳಿ ಕಡಿಸ್ಕೊಂಡು ನಿಮ್ಮ ಮೈ ಅದನ್ನ ಹದ್ದಬಸ್ತಿನಾಗ ಇಡೋದು ಕಲತೈತಿ. ಕುರ್ತಕೋಟ್ಯಾಗ ಈ ಕಾಟ ಕಡಿಮಿ. ಈಕಿ ಮೈ ಮರತೈತಿ. ಅದರಾಗ ಬಸುರಿ."

ನೀಲವ್ವ ಮಗಳ ಮುಖ ನೋಡಿದಳು. "ಹಂಗಾರ ಮೊದಲ ನನಗ ಕೊಡ್ರಿ. ನನಗೇನೂ ಆಗ್ಲಿಲ್ಲಂದ್ರ ಆಕಿಗಿ."

ಕಾಯುವ ಹೊತ್ತಲ್ಲವಾದರೂ ಒಪ್ಪಿದೆ. ಗುಳಿಗೆ ನುಂಗಿ ಎದುರಿಗೇ ಕೂತವಳು, ಮಗಳು ಮತ್ತೊಮ್ಮೆ ನರಳಿದ್ದೇ ತಡ, ತಾನೇ ಕೈಚಾಚಿದಳು: "ಜಲ್ದಿ ಕೊಡ್ರಿ ಸಾಹೇಬ್ರ."

ಜ್ವರ ಇಳಿಯಿತು. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು.

ಈಗ, ನಿವೃತ್ತನಾದ ಮೇಲೆ, ಇಲಿಗಳಿಗೆ ಮಲೇರಿಯಾ ಲಸಿಕೆ ಹಾಕಿ ನೋಡುವ ಪ್ರಯೋಗಗಳ ಬಗ್ಗೆ ಆಸೆಯಿಂದ ಓದುತ್ತೇನೆ. ಲಸಿಕೆ ಇಲಿಯ ದೇಹಕ್ಕೆ ಜೀವಿಯ ಗುರುತು ಕಲಿಸುತ್ತದಂತೆ. ಆ ನೆನಪು ಎಷ್ಟು ಕಾಲ ಉಳಿಯುತ್ತದೆ ಎಂಬುದೇ ದೊಡ್ಡ ಪ್ರಶ್ನೆಯಂತೆ. ಅದೇ ಪ್ರಶ್ನೆಯನ್ನು ನನಗೆ ನೀಲವ್ವನ ಕಟ್ಟೆ ಕೇಳಿತ್ತು. ಅಂದಿನಿಂದ ರೋಗಿಯ ಊರು ಯಾವುದೆಂದು ಕೇಳಿ ಸುಮ್ಮನಾಗಲಿಲ್ಲ. ಊರು ಬಿಟ್ಟು ಎಷ್ಟು ದಿನವಾಯಿತೆಂದೂ ಕೇಳಿದೆ.

ಆ ವರ್ಷ ಕೂಸು ನೋಡಲು ಹೋದಾಗ ನೀಲವ್ವ ಅಂದಿದ್ದಳು: "ಮುಂದಿನ ಬಾಣಂತನಕ್ಕ ಈಕಿನ್ನ ಕರಸೂದಿಲ್ರಿ. ಮಂದಿ ಏನರ ಅನ್ಲಿ, ನಾನ ಕುರ್ತಕೋಟಿಗಿ ಹೊಕ್ಕೀನಿ."

"ಹೋಗ್ರಿ. ಆದ್ರ ವರ್ಷಗಟ್ಟಲೆ ಕುಂಡ್ರಬ್ಯಾಡ್ರಿ," ಎಂದೆ, "ನಿಮ್ಮ ಮೈಯೂ ಡಂಬಳ ಮರತೀತು."