ಹೊಗೆಗೊಂದು ಕಿಂಡಿ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗಿರುವ ನನ್ನ ಸೋದರಮಾವ ಕೊಟ್ರಪ್ಪನ ಹೋಟೆಲಿನಲ್ಲಿ ಒಂದು ಬಿಳಿ ಬಣ್ಣದ ಫ್ಯಾನು ಇತ್ತು. ಹೋಟೆಲು ಎಂದೊಡನೆ ನೀವು ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಮುಂದೆ ನಾಲ್ಕಾರು ಬೆಂಚು, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ, ಆ ಗೋಡೆಯಲ್ಲಿ ತಟ್ಟೆ ದಾಟಿಸಲು ಒಂದು ಕಿಂಡಿ, ಇಷ್ಟೇ. ಕಿಂಡಿಯ ಈಚೆ ಮಾವ, ಆಚೆ ಅವನ ಹೆಂಡತಿ ಗೌರತ್ತೆ. ಹಡಗಲಿಯಿಂದ ಕೂಡ್ಲಿಗಿಗೆ ಹೋಗುವವರು, ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವವರು ಬಸ್ಸು ಬದಲಿಸುವ ನೆವದಲ್ಲಿ ಇಲ್ಲಿ ಇಳಿದು, ಗೌರತ್ತೆ ಕರಿದ ಮಿರ್ಚಿಯನ್ನು ಒಗ್ಗರಣೆ ಮಂಡಕ್ಕಿಯ ಜೊತೆ ತಿಂದು, ಬಂದ ಕೆಲಸವನ್ನು ಮರೆತು ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಆ ಫ್ಯಾನು ಸಪ್ತಸಾಗರದಾಚೆಯ ಕೊಡುಗೆ ಎಂದರೆ ನೀವು ನಗುತ್ತೀರಿ. ನಾನೂ ಮೊದಲು ನಕ್ಕಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಮಿರ್ಚಿಯ ನಂತರ ಚಹಾ, ಚಹಾದ ನಂತರ ಬೀಡಿ ಅಥವಾ ಸಿಗರೇಟು, ಇದು ನಮ್ಮ ಕಡೆ ಉಂಡ ಮೇಲೆ ಕೈ ತೊಳೆದಷ್ಟೇ ಸಹಜವಾದ ವಿಧಿ. ಮಾವನ ಗಲ್ಲಾಪೆಟ್ಟಿಗೆಯ ಪಕ್ಕದ ಕಂಬಕ್ಕೆ ಕಟ್ಟಿದ ನಾರಿನ ಹಗ್ಗವೊಂದು ಜೋತಾಡುತ್ತಿತ್ತು. ಅದರ ತುದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿಡಿ ಆರದಂತೆ ನೋಡಿಕೊಳ್ಳುವುದನ್ನು ಮಾವ ನಂದಾದೀಪದ ಸೇವೆಯಂತೆ ನಡೆಸುತ್ತಿದ್ದ. ಹಿರಿಯರು ಬಂದರೆ ಅವರು ಏಳುವ ಹಾಗಿರಲಿಲ್ಲ, ತಾನೇ ಹಗ್ಗವನ್ನು ಎಳೆದು ತಂದು ಬಾಯಿಯ ಬಳಿ ಹಿಡಿಯುತ್ತಿದ್ದ. "ಬೆಂಕಿ ಕೇಳಿದವಗ ಇಲ್ಲ ಅನಬಾರದಪ್ಪ" ಎಂಬುದು ಅವನ ಧರ್ಮಶಾಸ್ತ್ರ. ತಾನು ಮಾತ್ರ ಒಂದು ದಮ್ಮೂ ಎಳೆದವನಲ್ಲ. ಕಿಂಡಿಯ ಆಚೆ ಗೌರತ್ತೆ ಆಗಲೇ ಕೆಮ್ಮಲು ಶುರುಮಾಡಿದ್ದಳು. "ಒಗ್ಗರಣಿ ಘಾಟು" ಎಂದು ಮಾವ ಹೇಳುತ್ತಿದ್ದ. ಮೂವತ್ತು ವರ್ಷದಿಂದ ಒಗ್ಗರಣೆ ಹಾಕುತ್ತಿದ್ದವಳಿಗೆ ಈಗೇಕೆ ಘಾಟು ಹತ್ತಿತೆಂದು ಯಾರೂ ಕೇಳಲಿಲ್ಲ. ಕೆಮ್ಮುವ ಹೆಂಗಸನ್ನು ನಮ್ಮಲ್ಲಿ ಯಾರು ಕೇಳುತ್ತಾರೆ ಹೇಳಿ.

ನಾಲ್ಕು ಜನ ಕೂಡುವ ಜಾಗದಲ್ಲಿ ಸೇದುವ ಹಾಗಿಲ್ಲ ಎಂಬ ಕಾನೂನು ಬರುತ್ತದಂತೆ ಎಂಬ ಸುದ್ದಿ ಆಗಷ್ಟೇ ದಿಲ್ಲಿಯಿಂದ ಹೊರಟಿತ್ತು. ಕಾನೂನು ದಿಲ್ಲಿಯಿಂದ ಕೊಟ್ಟೂರಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಒಂದು ತಲೆಮಾರು ಕಳೆದಿರುತ್ತದೆ. ಆದರೆ ಕಾನೂನಿನ ವಿರೋಧ ಅದಕ್ಕಿಂತ ಮೊದಲೇ ಬಂದುಬಿಟ್ಟಿತು, ಅದೂ ಎ.ಸಿ. ಕಾರಿನಲ್ಲಿ. ಇಳಿದವನು ಇಸ್ತ್ರಿ ಮುದುಡದ ಅಂಗಿಯ ಒಬ್ಬ ಸಂಭಾವಿತ. ತಾನು ಯಾವುದೋ ಸಿಗರೇಟು ಕಂಪನಿಯವನು ಎಂದು ಅವನು ಹೇಳಲಿಲ್ಲ. 'ಅತಿಥಿ ಸತ್ಕಾರ'ದ ಸಂಸ್ಥೆಯೊಂದರಿಂದ ಬಂದಿದ್ದೇನೆ ಎಂದ. ಬಾಗಿಲಿಗೆ ಅಂಟಿಸಲು ಚಂದದ ಒಂದು ಚೀಟಿ ಕೊಟ್ಟ: ಸೇದುವವರಿಗೂ ಸೇದದವರಿಗೂ ಇಲ್ಲಿ ಸಮಾನ ಸ್ವಾಗತ. ಅದರ ಜೊತೆಗೆ ಗೋಡೆಗೆ ಕೂಡಿಸಿ ಹೊಗೆಯನ್ನು ಆಚೆ ತಳ್ಳುವ ಆ ಬಿಳಿ ಫ್ಯಾನು, ಪುಕ್ಕಟೆ.

"ಕಾನೂನೇ ಬೇಕಿಲ್ಲ ಸಾರ್. ಗಾಳಿ ಆಡಿದರೆ ಸಾಕು. ಹೊಗೆ ಹೊರಗೆ ಹೋಗುತ್ತೆ, ಗಿರಾಕಿ ಒಳಗೇ ಇರ್ತಾರೆ" ಎಂದ ಅವನು.

ಬುದ್ಧನಾದರೂ ಮಧ್ಯಮ ಮಾರ್ಗವನ್ನು ಇಷ್ಟು ಸುಲಭವಾಗಿ ಹೇಳಲಿಲ್ಲ.

ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ನನಗೆ ವಾಚನಾಲಯದ ಹಳೆಯ ಪತ್ರಿಕೆಗಳನ್ನು ಕೆದಕುವ ಚಟ. ಯಾವುದೋ ದೂರದೇಶದ ನ್ಯಾಯಾಲಯದಲ್ಲಿ ತಂಬಾಕು ಕಂಪನಿಗಳ ಗುಟ್ಟು ರಟ್ಟಾದ ಸುದ್ದಿಯನ್ನು ನಾನು ಓದಿದ್ದು ಅಲ್ಲಿಯೇ. ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಆ ಕಂಪನಿಗಳ ಯಜಮಾನರು ತೆರೆಮರೆಯಲ್ಲಿ ಒಟ್ಟಿಗೆ ಕೂತು, ಯಾವ ದೇಶದಲ್ಲಿ ಯಾವ ಸರ್ಕಾರ ಏನು ಕೇಳಿದರೂ ಎಲ್ಲರೂ ಒಂದೇ ಮಾತು ಆಡಬೇಕೆಂದು ಒಪ್ಪಂದ ಮಾಡಿಕೊಂಡಿದ್ದರಂತೆ. ಒಂದು ದೇಶದಲ್ಲಿ ವಿಜ್ಞಾನಿಯ ಬಾಯಿ, ಇನ್ನೊಂದರಲ್ಲಿ ರೈತನ ಬಾಯಿ, ಮತ್ತೊಂದರಲ್ಲಿ ಹೋಟೆಲಿನವನ ಬಾಯಿ. ಬಾಯಿ ಎಲ್ಲಿಯದಾದರೂ ಮಾತು ಮಾತ್ರ ಅವರದು. ಗಾಳಿ ಆಡಿದರೆ ಸಾಕು ಎಂಬ ಮಂತ್ರವೂ, ಸಮಾನ ಸ್ವಾಗತದ ಚೀಟಿಯೂ ಆ ಕಾರ್ಖಾನೆಯಲ್ಲೇ ತಯಾರಾದವು. ಗೆಳೆಯರೇ, ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಅಸೂಯೆ. ಒಂದೇ ತಾಯಿಯ ಹಾಲು ಕುಡಿದ ನನ್ನ ಮಾವ ಮತ್ತು ಅವನ ಅಣ್ಣ ವೀರಣ್ಣ ಇಬ್ಬರ ಜಾಗಗಳ ನಡುವಿನ ಗೋಡೆಯೊಂದರ ಸಲುವಾಗಿ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅತ್ತ ಒಬ್ಬರ ಕುತ್ತಿಗೆ ಒಬ್ಬರು ಹಿಸುಕಬೇಕಾದ ವ್ಯಾಪಾರಿಗಳು, ಹತ್ತಾರು ಭಾಷೆ, ಹತ್ತಾರು ಸಮುದ್ರ, ಆದರೂ ಎಂಥ ಒಗ್ಗಟ್ಟು! ವಿಶ್ವಭ್ರಾತೃತ್ವ ಎಂದು ನಾನು ತರಗತಿಯಲ್ಲಿ ಒಣ ಗಂಟಲಿನಿಂದ ಬೋಧಿಸುತ್ತಿದ್ದುದನ್ನು ಅವರು ಆಚರಿಸಿ ತೋರಿಸಿದ್ದರು.

ಫ್ಯಾನೇನೋ ಬಂತು, ಅದನ್ನು ಕೂಡಿಸುವುದೆಲ್ಲಿ? ಹೊಗೆ ಹೊರಗೆ ಹೋಗಬೇಕಾದರೆ ಹೊರಗೋಡೆಗೆ ತೂತು ಬೇಕು. ಎಡಗಡೆಯದು ವೀರಣ್ಣನೊಂದಿಗೆ ವ್ಯಾಜ್ಯವಿರುವ ಗೋಡೆ, ಮೊಳೆ ಹೊಡೆದರೂ ಪಂಚಾಯ್ತಿ ಸೇರುತ್ತದೆ. ಬಲಗಡೆ ಬಸವಣ್ಣನ ಗುಡಿ, ದೇವರ ಮುಖಕ್ಕೆ ಬೀಡಿಯ ಹೊಗೆ ಬಿಡುವ ಎದೆಗಾರಿಕೆ ಮಾವನಿಗಿರಲಿಲ್ಲ. ಮುಂದಿನ ಬಾಗಿಲ ಮೇಲೆ ಕೊಟ್ಟೂರೇಶನ ಪಟ, ಅದನ್ನು ಕದಲಿಸುವ ಮಾತೇ ಇಲ್ಲ. ಹಾಗಾಗಿ ಮಾವ ಬಹಳ ಯೋಚಿಸಿ, ಫ್ಯಾನನ್ನು ನಡುವಿನ ಗೋಡೆಗೆ, ತಟ್ಟೆ ದಾಟಿಸುವ ಕಿಂಡಿಯ ಮೇಲೆ, ಅಡುಗೆಮನೆಯ ಕಡೆಗೆ ಗಾಳಿ ಹೋಗುವಂತೆ ಕೂಡಿಸಿದ.

"ಮಾವ, ಇದು ಅತ್ತಿ ಮ್ಯಾಲೆ ಹೋಗ್ತೈತಲ್ಲ" ಎಂದೆ.

"ಅಡಿಗಿಮನ್ಯಾಗ ಹೆಂಗೂ ಹೊಗಿ ಇರೂದ ಐತಿ. ಹೊಗಿ ಹೊಗಿ ಕೂಡಿ ಮ್ಯಾಲಿನ ಬೆಳಕಿಂಡ್ಯಾಗ ಹೋಕ್ಕಾವು ಬಿಡು" ಎಂದ ಮಾವ, ನದಿಗೆ ಹಳ್ಳ ಸೇರಿಸಿದಷ್ಟು ಸಲೀಸಾಗಿ.

ದೇವರಿಗೆ ಅಂಜಬೇಕು, ದಾಯಾದಿಗೆ ಅಂಜಬೇಕು, ಪಟಕ್ಕೂ ಅಂಜಬೇಕು. ಯಾರಿಗೂ ಅಂಜಬೇಕಿಲ್ಲದ ಒಂದೇ ದಿಕ್ಕು ಆ ಕಟ್ಟಡದಲ್ಲಿ ಉಳಿದಿತ್ತು, ಅಲ್ಲಿ ಗೌರತ್ತೆ ಬಾಣಲೆಯ ಮುಂದೆ ಕೂತಿದ್ದಳು. ಮುಂದಿನ ಬೆಂಚುಗಳು ಮಾತ್ರ ಸ್ವಚ್ಛವಾದವು, ಹೊಗೆಯ ಕುರುಹೂ ಇಲ್ಲ. ಇಸ್ತ್ರಿಯಂಗಿಯವನು ಮತ್ತೊಮ್ಮೆ ಬಂದು, ಗಾಳಿಯನ್ನು ಆಘ್ರಾಣಿಸಿ, ಮಿರ್ಚಿ ತಿಂದು, ಮೆಚ್ಚಿ ಹೋದ. ಕಿಂಡಿಯೊಳಗೆ ಅವನು ಇಣುಕಲಿಲ್ಲ. ಜಗತ್ತಿನ ಎಷ್ಟೋ ಊರುಗಳಲ್ಲಿ ಎಷ್ಟೋ ಫ್ಯಾನುಗಳು ಹೀಗೆ ತಿರುಗುತ್ತಿರಬೇಕು, ಪ್ರತಿಯೊಂದರ ಹಿಂದೆಯೂ ಕಾಣದ ಒಂದು ಅಡುಗೆಮನೆ ಇರಬೇಕು ಎಂದು ನನಗೆ ಆಗ ಅನ್ನಿಸಿತು. ಹೊಗೆ ಹೊರಗೆ ಹೋಯಿತು ಎಂದರೆ ಇನ್ನೊಬ್ಬರ ಒಳಗೆ ಹೋಯಿತು ಎಂದೇ ಅರ್ಥ.

ಆಮೇಲೆ ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ನಮ್ಮ ಐದೂರ ಹೋಟೆಲಿನವರ ಸಭೆ ನಡೆಯಿತು. ಯಾರು ಕರೆದದ್ದೋ ಯಾರಿಗೂ ಸ್ಪಷ್ಟವಿರಲಿಲ್ಲ, ಊಟಕ್ಕೆ ಹೋಳಿಗೆ ಇದೆ ಎಂಬುದು ಮಾತ್ರ ಸ್ಪಷ್ಟವಿತ್ತು. ಕಾನೂನು ಬಂದರೆ ಹೋಟೆಲುಗಳು ಮುಚ್ಚುತ್ತವೆ, ಬೀಡಿ ಕಟ್ಟುವ ಹೆಂಗಸರು ಬೀದಿಗೆ ಬೀಳುತ್ತಾರೆ ಎಂದು ಇಸ್ತ್ರಿಯಂಗಿಯವನು ಕಣ್ಣಲ್ಲಿ ನೀರು ತಂದ. ಆ ಹೆಂಗಸರ ಕೂಲಿಯ ವಿಷಯದಲ್ಲಿ ಅದುವರೆಗೆ ಯಾವ ಕಣ್ಣೂ ಒದ್ದೆಯಾದದ್ದನ್ನು ನಾನು ಕಂಡಿರಲಿಲ್ಲ. ಪಕ್ಕದವನ ಹೊಗೆಯಿಂದ ಸೇದದವರಿಗೆ ರೋಗ ಬರುತ್ತದಂತಲ್ಲ ಎಂದು ಹಡಗಲಿಯವರೊಬ್ಬರು ಎದ್ದು ಕೇಳಿದರು. "ಅದು ಇನ್ನೂ ಸಾಬೀತಾಗಿಲ್ಲ, ಹೆಚ್ಚಿನ ಸಂಶೋಧನೆ ನಡೆಯಬೇಕು" ಎಂಬ ಉತ್ತರ ಬಂತು. ನಮ್ಮ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುವುದು ನಿಮಗೆ ಗೊತ್ತು. ಒಂದೇ ಸಾಲಿನ ಭವಿಷ್ಯ, ಅರ್ಥ ಅವರವರ ಭಾವಕ್ಕೆ ಬಿಟ್ಟದ್ದು. ಆದರೆ ಗೊರವಯ್ಯ ಉಪವಾಸವಿದ್ದು ನುಡಿಯುತ್ತಾನೆ, ವರ್ಷಕ್ಕೊಮ್ಮೆ ನುಡಿಯುತ್ತಾನೆ. ಇವರು ಹೋಳಿಗೆ ಉಂಡು, ಎಲ್ಲ ದೇಶಗಳಲ್ಲಿ, ದಿನವೂ ಅದೇ ಸಾಲನ್ನು ನುಡಿಯುತ್ತಿದ್ದರು. ಸಭೆಯ ಕೊನೆಗೆ ಮಾವನನ್ನು ಕೊಟ್ಟೂರಿನ ಮುಖಂಡನೆಂದು ಆರಿಸಿ ಶಾಲು ಹೊದಿಸಿದರು. ಅಣ್ಣನ ಜೊತೆ ಗೋಡೆ ಹಂಚಿಕೊಳ್ಳಲಾರದವನು ಅಂತರರಾಷ್ಟ್ರೀಯ ಸಂಘಟನೆಯೊಂದರ ಸೈನಿಕನಾಗಿ ಮನೆಗೆ ಮರಳಿದ.

ಸಂಶೋಧನೆ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ವರ್ಷ ತುಂಬುವುದರೊಳಗೆ ಗೌರತ್ತೆಗೆ ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಕೂರಬೇಕಾಯಿತು. ನಾನೂ ಮಾವನೂ ಅವಳನ್ನು ಹರಪನಹಳ್ಳಿಯ ಡಾಕ್ಟರ ಬಳಿಗೆ ಕರೆದೊಯ್ದೆವು. ಬೆನ್ನಿಗೆ ಕೊಳವೆ ಇಟ್ಟು ಕೇಳಿದ ಡಾಕ್ಟರು ಮೊದಲು ಆಡಿದ ಮಾತು ಇದು: "ಎಷ್ಟು ವರ್ಷದಿಂದ ಬೀಡಿ ಸೇದ್ತೀರಮ್ಮ?"

ಗೌರತ್ತೆ ಸೆರಗನ್ನು ಬಿಗಿಮಾಡಿಕೊಂಡಳು. ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. "ಏನ್ ಮಾತಾಡ್ತೀರಿ ಡಾಕ್ಟ್ರ? ನಾ ಲಿಂಗ ಕಟ್ಟಿಕೊಂಡಾಕಿ ಅದೀನ್ರಿ" ಎಂದಳು. ಅವಳ ಕಣ್ಣು ತುಂಬಿತು. ರೋಗಕ್ಕೆ ಅಳದವಳು ಆ ಪ್ರಶ್ನೆಗೆ ಅತ್ತಳು. ನನಗೆ ಆ ಫ್ಯಾನನ್ನು ಕಳಿಸಿದವರೆಲ್ಲರನ್ನೂ ಅವರ ಸಮುದ್ರಗಳ ಆಚೆಯಿಂದ ಎಳೆದು ತಂದು ಆ ಕುರ್ಚಿಯ ಮುಂದೆ ನಿಲ್ಲಿಸಬೇಕೆನಿಸಿತು. ಅಷ್ಟು ಸಿಟ್ಟು ನನಗೆ ಬದುಕಿನಲ್ಲಿ ಎಂದೂ ಬಂದಿರಲಿಲ್ಲ. "ಒಲೆಯ ಹೊಗೆ ಅರ್ಧ ಇರಬಹುದು, ಉಳಿದದ್ದು ಹೋಟೆಲಿನದು. ಕೆಟ್ಟಿದ್ದು ಕೆಟ್ಟಿತು. ಇನ್ನು ಕೆಡದ ಹಾಗೆ ನೋಡಿಕೊಳ್ಳಿ" ಎಂದರು ಡಾಕ್ಟರು, ಮಾವನನ್ನು ನೋಡುತ್ತ.

ಮರುದಿನ ಗೌರತ್ತೆ ಒಲೆ ಹೊತ್ತಿಸಲಿಲ್ಲ. "ಆ ಫ್ಯಾನು ಇಳಿಬೇಕು, ಆ ಹಗ್ಗ ಆರಬೇಕು. ಅಲ್ಲೀತನಕ ನಾ ಬಾಣಲಿ ಇಡಂಗಿಲ್ಲ" ಎಂದು ಹೊಸ್ತಿಲ ಮೇಲೆ ಕೂತಳು.

"ಗಿರಾಕಿ ಹೋಕ್ಕಾರ್ಲೇ" ಎಂದ ಮಾವ. ಸಭೆಯಲ್ಲಿ ಕಲಿತ ಪಾಠ.

"ಹೋಗಲಿ. ನಾ ಹೋದ್ರ ಯಾರು ಬರ್ತಾರು?"

ಸಪ್ತಸಾಗರದಾಚೆಯ ವಕೀಲರು ಈ ಪ್ರಶ್ನೆಗೆ ಏನು ಉತ್ತರ ಬರೆದುಕೊಡುತ್ತಿದ್ದರೋ ಕಾಣೆ. ಮಾವ ಎದ್ದು ಕಂಬದ ಕಡೆ ಹೋದ. ತಂಬಿಗೆಯ ನೀರಿನಲ್ಲಿ ಹಗ್ಗದ ತುದಿಯನ್ನು ಅದ್ದಿದ, ಅದು ಚೊಯ್ ಎಂದಿತು. ಏಣಿ ಹಾಕಿ ಫ್ಯಾನು ಇಳಿಸಿ, ತೂತಿಗೆ ಇಟ್ಟಿಗೆ ಇಟ್ಟ. ಸುದ್ದಿ ತಿಳಿದ ವೀರಣ್ಣ ಹನ್ನೆರಡು ವರ್ಷದ ಮೇಲೆ ತಮ್ಮನ ಬಾಗಿಲಿಗೆ ಬಂದು ನಿಂತು, "ಮೊದಲ ಹೇಳಿದ್ರ ನನ್ನ ಗ್ವಾಡಿಗಿ ತೂತು ಹೊಡಿ ಅಂತಿದ್ನೆಲ್ಲೋ" ಎಂದ. ಹಾಗೆ ಮಾಡಿದ್ದರೆ ವೀರಣ್ಣನ ಹೆಂಡತಿ ಹರಪನಹಳ್ಳಿಗೆ ಹೋಗಬೇಕಾಗಿತ್ತು ಎಂದು ನಾನು ಹೇಳಲಿಲ್ಲ. ಹನ್ನೆರಡು ವರ್ಷದ ಮೇಲೆ ಬಂದ ಮಾತನ್ನು ತಿದ್ದಬಾರದು.

ಗಿರಾಕಿಗಳು ಎಲ್ಲಿಗೂ ಹೋಗಲಿಲ್ಲ. ಸೇದುವವರು ರಸ್ತೆಯ ಆಚೆಯ ಬೇವಿನ ಮರದಡಿ ನಿಂತು ಸೇದಿ, ಮಿರ್ಚಿ ಆರೀತೆಂದು ಓಡಿ ಬರತೊಡಗಿದರು. ಇಸ್ತ್ರಿಯಂಗಿಯವನು ಒಮ್ಮೆ ಬಂದು ಬೋಳು ಗೋಡೆಯನ್ನು ನೋಡಿ, ಮಾವ ಮಡಿಚಿ ಕೊಟ್ಟ ಶಾಲನ್ನು ತೆಗೆದುಕೊಂಡು ಹೋದ. ನಾಲ್ಕಾರು ವರ್ಷದ ಮೇಲೆ ಕಾನೂನೂ ಬಂತು, ಎಂದಿನಂತೆ ತಡವಾಗಿ, ಎಲ್ಲ ಮುಗಿದ ಮೇಲೆ ಬರುವ ಬೀಗರಂತೆ.

ಆದರೆ ಹೋದ ಉಸಿರು ಕಾನೂನಿನ ಜೊತೆ ವಾಪಸು ಬರಲಿಲ್ಲ. ಕಳೆದ ವಾರ ಅವರ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಗೌರತ್ತೆ ಲಿಂಗಪೂಜೆಗೆ ಕೂತು, ತವರಿನಿಂದ ತಂದ ಪದವೊಂದನ್ನು ಎತ್ತಿಕೊಂಡಳು. ಮೊದಲ ಸಾಲು ಬಂತು. ಎರಡನೆಯ ಸಾಲಿನ ನಡುವೆ ಉಸಿರು ಕೈಕೊಟ್ಟಿತು, ಅವಳು ಗೋಡೆಗೆ ಕೈ ಊರಿದಳು. ಅಂಗಳದಲ್ಲಿ ಹಿಟ್ಟು ಕಲೆಸುತ್ತಿದ್ದ ಮಾವ, ರಾಗದ ಗಂಧವೇ ಇಲ್ಲದ ಆ ಮುದುಕ, ಅಲ್ಲಿಂದಲೇ ಆ ಸಾಲಿನ ಉಳಿದರ್ಧವನ್ನು ಒರಟಾಗಿ ಹಾಡಿ ಮುಗಿಸಿದ. ಗೌರತ್ತೆ ಸುಧಾರಿಸಿಕೊಂಡು, "ತಪ್ಪಾತು, ಇನ್ನೊಮ್ಮಿ ಅನ್ರಿ" ಎಂದಳು.

ಮಾವ ಇನ್ನೊಮ್ಮೆ ಹಾಡಿದ.