ಅಂಗಿ ಜೇಬಿಗೆ ಹೋದ ಮಾತ್ರೆಗಳು

ಹದಿನೆಂಟು ವರ್ಷ ಒಂದೇ ಮಾರ್ಗದ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರನನ್ನು ಡಿಪೋದವರೆಲ್ಲ ಡುಮ್ಮಣ್ಣ ಎಂದೇ ಕರೆಯುತ್ತಿದ್ದರು. ನೂರ ಮೂವತ್ತೆರಡು ಕಿಲೋ ಆಳು. ಸೀಟುಗಳ ನಡುವೆ ಎಷ್ಟೇ ಅಡ್ಡಡ್ಡವಾಗಿ ಜಾರಿದರೂ ಅವನ ಹೊಟ್ಟೆ ಯಾರದಾದರೂ ಭುಜ ಸವರದೆ ಬಿಡುತ್ತಿರಲಿಲ್ಲ. "ಟಿಕೆಟ್ ಜೊತೆ ಮಸಾಜೂ ಫ್ರೀನಾ?" ಎಂದು ಯಾರಾದರೂ ಅಂದರೆ ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದ. ಒಂದು ದಿನ ಶಾಲೆಯ ಹುಡುಗಿಯೊಬ್ಬಳು ಅವನು ಬರುವುದನ್ನು ಕಂಡು, ಬ್ಯಾಗನ್ನು ಎದೆಗವಚಿಕೊಂಡು ಕಿಟಕಿಗೆ ಅಂಟಿ ಕೂತಳು. ಅವಳದೇ ವಯಸ್ಸಿನ ಮಗಳು ಅವನಿಗೂ ಇದ್ದಳು. ಅಂದು ನಗು ಬರಲಿಲ್ಲ. ಮನೆಗೆ ಹೋದವನೇ ಹೆಂಡತಿಗೆ, "ಆಪರೇಷನ್ ಮಾಡಿಸ್ಕೊಂಡ್ಬಿಡ್ತೀನಿ ಕಣೇ" ಎಂದ.

ಜಠರವನ್ನು ಕಿರಿದು ಮಾಡುವ ಆಪರೇಷನ್ ಅದು. ಅದಕ್ಕೆ ಮುಂಚೆ ಡಾಕ್ಟರು ಗಂಟಲೊಳಗೆ ಕೊಳವೆ ಬಿಟ್ಟು ನೋಡಿದರು. ಒಳಗೆ ಸೋಂಕಿತ್ತು, ಜಠರದ ಗೋಡೆ ಕೆಂಪಗೆ ಊದಿಕೊಂಡಿತ್ತು. "ಹದಿನಾಲ್ಕು ದಿನ ಮಾತ್ರೆ ತಪ್ಪಿಸ್ಬೇಡಿ. ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಸೋಂಕು ಹೋದ್ಮೇಲೇ ಆಪರೇಷನ್" ಎಂದರು ಆಕೆ.

ನಾಲ್ಕನೆಯ ದಿನ ಬಸ್ಸು ಮೇಲ್ಸೇತುವೆಯ ನಡುವೆ ಸಿಕ್ಕಿಕೊಂಡಿದ್ದಾಗ ಮಾತ್ರೆ ತನ್ನ ಕೈಚಳಕ ತೋರಿಸಿತು. ಭೇದಿ ಒತ್ತರಿಸಿ ಬಂತು. ಇಳಿದು ಓಡಲು ದಾರಿಯಿಲ್ಲ. ನಿಲ್ದಾಣದ ಶೌಚಾಲಯ ಮುಟ್ಟುವಷ್ಟರಲ್ಲಿ ಪ್ಯಾಂಟು ಕೆಟ್ಟಿತ್ತು. ಡ್ರೈವರು ತನ್ನ ಟವೆಲ್ ಕೊಟ್ಟು ಮುಖ ತಿರುಗಿಸಿಕೊಂಡ. ಮರುದಿನದಿಂದ ಹೆಂಡತಿ ಅಂಗೈಗೆ ಹಾಕಿದ ಮಾತ್ರೆ ಬಾಯಿಗೆ ಹೋದಂತೆ ತೋರಿ ಜೇಬಿಗೆ ಹೋಯಿತು, ಅಲ್ಲಿಂದ ಡಿಪೋದ ಚರಂಡಿಗೆ. ತಿಂಗಳ ಮೇಲೆ ಡಾಕ್ಟರು ಎರಡನೆಯ ಪರೀಕ್ಷೆಯ ಮಾತೆತ್ತಿದಾಗ, "ಮನೆ ಹತ್ರಾನೇ ಮಾಡಿಸ್ದೆ, ಎಲ್ಲಾ ಸರಿಯಿದ್ಯಂತೆ. ವರದಿ ಮರೆತು ಬಂದೆ" ಎಂದುಬಿಟ್ಟ. ಪಕ್ಕದಲ್ಲಿದ್ದ ಹೆಂಡತಿ, "ಮಾತ್ರೆ ನಾನೇ ಕೈಯಾರೆ ಕೊಟ್ಟಿದ್ದೀನಿ ಡಾಕ್ಟ್ರೇ" ಎಂದು ಸೇರಿಸಿದಳು.

ಆಪರೇಷನ್ ಆಯಿತು. ಮೂರು ತಿಂಗಳು ತೂಕ ಸರಸರನೆ ಇಳಿಯಿತು. ಆಮೇಲೆ ಉರಿ ಶುರುವಾಯಿತು. ಎರಡು ತುತ್ತು ಉಂಡರೆ ಕೆಂಡ ನುಂಗಿದ ಹಾಗೆ. ಐಸ್‌ಕ್ರೀಮು, ಹಾಲಲ್ಲಿ ನೆನೆಸಿದ ಬಿಸ್ಕತ್ತು ಮಾತ್ರ ತಣ್ಣಗೆ ಇಳಿಯುತ್ತಿದ್ದವು. ನೂರ ಹನ್ನೆರಡಕ್ಕೆ ಬಂದು ನಿಂತ ತೂಕ ಮತ್ತೆ ಮೇಲೇರತೊಡಗಿತು.

ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಡಾಕ್ಟರ ಮೇಲೆ ಹರಿಹಾಯ್ದಳು. "ನಿಮ್ಮ ಕೈಗುಣಾನೇ ಸರಿಯಿಲ್ಲ! ನಮ್ಮನೆಯವ್ರು ಒಂದು ಮಾತ್ರೆ ಬಿಟ್ಟವರಲ್ಲ."

ಡಾಕ್ಟರು ಮತ್ತೆ ಕೊಳವೆ ಬಿಟ್ಟು ನೋಡಿದರು. "ಸೋಂಕು ಹಾಗೇ ಇದೆ. ಸೋಂಕಿದ್ದವರಿಗೆಲ್ಲ ಹೀಗಾಗಲ್ಲ, ತೂಕ ಚೆನ್ನಾಗಿ ಇಳಿದವರೂ ಇದ್ದಾರೆ. ಇವರಿಗೆ ಉರಿಯೂತ ಜೋರಾಗಿದೆ, ಅದನ್ನ ತಣಿಸೋಕೆ ಸಿಹಿ ತಿಂತಿದ್ದಾರೆ." ಹಳೆಯ ಕಡತ ತಿರುವಿ ಹೇಳಿದರು, "ಅವತ್ತು ವರದೀನ ನಾನೇ ಕಣ್ಣಾರೆ ನೋಡ್ಬೇಕಿತ್ತು. ತಪ್ಪು ನಂದು."

ಡುಮ್ಮಣ್ಣನ ಕಿವಿ ಬಿಸಿಯಾದವು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. "ಇಲ್ಲ ಮೇಡಂ," ಎಂದ ನೆಲ ನೋಡುತ್ತ, "ನಾಲ್ಕೇ ದಿನ ತಗೊಂಡಿದ್ದು. ಪರೀಕ್ಷೇನೂ ಮಾಡಿಸ್ಲಿಲ್ಲ."

ಹೆಂಡತಿ ಚೀಲ ಎತ್ತಿಕೊಂಡು ಹೊರನಡೆದಳು. ಮೆಟ್ಟಿಲ ಬಳಿ ಅವನು ಅವಳನ್ನು ಹಿಡಿದ.

"ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ."

"ಬಸ್ಸಲ್ಲಿ ಪ್ಯಾಂಟು ಕೆಟ್ಟೋಯ್ತು ಕಣೇ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ನನ್ನ ಹತ್ರಾನೂ?"

ಅವನು ಅವಳ ಕೈಯಿಂದ ಚೀಲ ಇಸಿದುಕೊಂಡ.

ಈ ಸಲ ಎರಡು ವಾರ ರಜೆ ಹಾಕಿ, ಮನೆಯಲ್ಲೇ ಕೂತು ಮಾತ್ರೆ ಮುಗಿಸಿದ. ತಿಂಗಳು ಬಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಉರಿ ನಿಧಾನಕ್ಕೆ ತಗ್ಗಿತು. ತೂಕ ನೂರ ನಾಲ್ಕಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಜಪ್ಪಯ್ಯ ಎಂದರೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ, ಅಂದು ಕೂಗಾಡಿದ್ದಕ್ಕೆ ಡಾಕ್ಟರ ಕ್ಷಮೆ ಕೇಳಬೇಕೆಂದು ಹೊರಟಳು. ಅವನೂ ಜೊತೆಗೆ ಹೋದ. ಆಸ್ಪತ್ರೆಯ ಗೇಟಿನವರೆಗೆ ಹೋದ, ಅಷ್ಟೇ. "ಬರಲ್ವಾ?" ಎಂದಳು. ಇಲ್ಲವೆಂದು ತಲೆಯಾಡಿಸಿದ. ಕೇಳಬೇಕಾದ ಕ್ಷಮೆ ತನ್ನದೆಂದು ಗೊತ್ತಿದ್ದೂ, ಅವಳೊಬ್ಬಳೇ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವುದನ್ನು ನೋಡುತ್ತ ನಿಂತ.