ಲೋಟದೊಳಗಿನ ಹೆಬ್ಬೆರಳು

ಬೆಳಿಗ್ಗೆ ಐದೂವರೆ. ಹಿಟ್ಟಿನ ಗಿರಣಿಯ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗೆ ತಕ್ಕಡಿಯ ಮುಂದೆ ಕೂತ ‘ತೂಕದಕ್ಕ’ ನೆಗ್ಗಿದ ಹಿತ್ತಾಳೆ ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಲೋಟ ತಂದವನ ಕೈಯಲ್ಲಿ ತೀರಿಕೊಂಡ ತಾಯಿ ಬರೆದಿಟ್ಟ ಕೇಕಿನ ಚೀಟಿ. ‘ಮೈದಾ ಎರಡು ಲೋಟ, ರವೆ ಒಂದು, ಸಕ್ಕರೆ ಒಂದು’ ಎಂದಷ್ಟೇ ಅದರಲ್ಲಿದೆ. ಯಾವ ಲೋಟ ಎಂದು ಬರೆಯಬೇಕೆಂದು ಆ ತಾಯಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.

“ಅಮ್ಮ ಲೋಟ ಕುಟ್ಟಿ ತುಂಬ್ತಿದ್ರಾ, ಸುಮ್ನೆ ಮೊಗೀತಿದ್ರಾ?”

ಆತ ಕಣ್ಣು ಮುಚ್ಚುತ್ತಾನೆ. ಸುಮ್ಮನೆ ಮೊಗೆದು, ಅಂಗೈಯಲ್ಲಿ ಸವರುತ್ತಿದ್ದರಂತೆ. ತೂಕದಕ್ಕ ಹಾಗೆಯೇ ಮೊಗೆದು, ಸವರಿ, ತೂಗಿ ಚೀಟಿ ಬರೆಯುತ್ತಾರೆ: ಒಂದು ಲೋಟಕ್ಕೆ ಮೈದಾ ನೂರೈವತ್ತು ಗ್ರಾಂ, ರವೆ ನೂರೆಂಬತ್ತೈದು, ಸಕ್ಕರೆ ಇನ್ನೂರಮೂವತ್ತು. ಲೋಟ ಒಂದೇ, ತೂಕ ಮೂರು ಬಗೆ. ಇದನ್ನು ಎಷ್ಟು ಸಲ ಹೇಳಿದರೂ ಜನರಿಗೆ ಸೋಜಿಗವೇ.

ಅವರಿಗೆ ಸಂಬಳ ಬರುವುದು ಕಾಳು ತೂಗುವುದಕ್ಕೆ. ಲೋಟ ತೂಗುವುದು ಹತ್ತೊಂಬತ್ತು ವರ್ಷಗಳಿಂದ ತಾವಾಗಿಯೇ ಮೈಮೇಲೆ ಎಳೆದುಕೊಂಡ ಉಸಾಬರಿ. ದಿನಕ್ಕೆ ನಾಲ್ಕೈದು ಬರುತ್ತವೆ. ಹಿಡಿ ಮುರಿದ ಕಪ್ಪು, ತುಕ್ಕು ಹಿಡಿದ ಹಾಲಿನ ಡಬ್ಬಿಯ ಮುಚ್ಚಳ, ಒಮ್ಮೆ ಯಾರದೋ ಅಜ್ಜಿಯ ಸಾಬೂನು ಪೆಟ್ಟಿಗೆಯೂ ಬಂದಿತ್ತು.

ಮೊದಲ ವರ್ಷವೇ ಅವರು ಎಡವಿದ್ದರು. ಅವರ ಚೀಟಿ ನಂಬಿ ಬಿಸ್ಕತ್ತು ಮಾಡಿದ ಹೆಂಗಸೊಬ್ಬಳು ಮೂರು ಸಲ ವಾಪಸ್ ಬಂದಳು. ಬಿಸ್ಕತ್ತು ಕಲ್ಲಾಗಿತ್ತು. ಕೊನೆಗೆ ನಿಮ್ಮಮ್ಮ ಹೇಗೆ ಮೊಗೆಯುತ್ತಿದ್ದರೋ ಹಾಗೇ ಮಾಡಿ ತೋರಿಸು ಎಂದು ತೂಕದಕ್ಕ ಹೇಳಿದಾಗ ಗುಟ್ಟು ರಟ್ಟಾಯಿತು. ತಾಯಿ ಲೋಟ ಹಿಡಿಯುವಾಗ ಹೆಬ್ಬೆರಳು ಒಳಗೇ ಇರುತ್ತಿತ್ತು. ಲೋಟಕ್ಕೆ ಹನ್ನೊಂದು ಗ್ರಾಂ ಹಿಟ್ಟಿನ ಜಾಗ ಆ ಬೆರಳಿನದು.

“ಅವತ್ತಿಂದ ಲೋಟದ ಜೊತೆ ಕೈ ಬಗ್ಗೆನೂ ಕೇಳ್ತೀನಿ,” ಎನ್ನುತ್ತಾರೆ.

ಊರವರ ತಾಯಂದಿರ ಅಳತೆಯನ್ನೆಲ್ಲ ಬರೆದಿಟ್ಟವರು ಸ್ವಂತ ಅಮ್ಮನದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡುತ್ತಲೇ ಬಂದರು. ಅಮ್ಮ ಜೊತೆಯಲ್ಲೇ ಇದ್ದಾರಲ್ಲ, ಅವಸರವೇನು? ಭಾನುವಾರ ಬಂತೆಂದರೆ ಅಮ್ಮನ ಬ್ರೆಡ್ಡಿನ ಘಮಕ್ಕೆ ಮಕ್ಕಳೆಲ್ಲ ಅಡುಗೆಮನೆಯಲ್ಲಿ ಬೀಡುಬಿಡುವ ಕಾಲ ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದರು. ಈಗ ಅಮ್ಮನಿಗೆ ಎಂಬತ್ನಾಲ್ಕು. ಹೋದ ವರ್ಷ ಅವರ ಕೈ ನಡುಗಲು ಶುರುವಾಯಿತು. ತೂಕದಕ್ಕ ಗಿರಣಿಯಿಂದ ಸಣ್ಣ ತಕ್ಕಡಿ ಮನೆಗೆ ತಂದರು.

ಮೊದಲ ಭಾನುವಾರ ಅಮ್ಮ ಲೋಟದಿಂದ ಪಾತ್ರೆಗೆ ಸುರಿದ ಹಿಟ್ಟು ನೂರಮೂವತ್ತೊಂದು ಗ್ರಾಂ. ಮರುವಾರ ನೂರಿಪ್ಪತ್ನಾಲ್ಕು. ಆಮೇಲೆ ನೂರಹದಿನೇಳು. ತಡ ಮಾಡಿಬಿಟ್ಟೆ, ಅಮ್ಮನ ಕೈ ಅಳತೆ ಮರೆಯುತ್ತಿದೆ ಎಂದು ಅವರು ಸಿಂಕಿನ ಮುಂದೆ ನಿಂತು ಅತ್ತರಂತೆ. ಕಣ್ಣೊರೆಸಿಕೊಂಡು ಮೇಜು ಒರೆಸಲು ಬಂದರೆ, ಲೋಟ ಪಾತ್ರೆಗೆ ಹೋದ ದಾರಿಯುದ್ದಕ್ಕೂ ಹಿಟ್ಟು.

ಮುಂದಿನ ಭಾನುವಾರ ಮೇಜಿನ ಮೇಲೆ ದೊಡ್ಡ ತಟ್ಟೆ ಹಾಸಿದರು. ಚೆಲ್ಲಿದ್ದನ್ನೂ ಗೋರಿ ತೂಕಕ್ಕೆ ಸೇರಿಸಿದರು. ನೂರಮೂವತ್ತೆಂಟು. ಚೆಲ್ಲಿದ್ದನ್ನೂ ತೂಗುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆ ಎಂದು ಅಮ್ಮ ಗೊಣಗಿದರು. ಮರುವಾರವೂ ಅಷ್ಟೇ ಬಂತು. ಅದರ ಮರುವಾರ ಒಂದೇ ಒಂದು ಗ್ರಾಂ ಹೆಚ್ಚು.

ಅಮ್ಮನ ಆ ಅಳತೆ ಬರೆದ ಚೀಟಿ ಈಗ ಗಿರಣಿಯ ತಕ್ಕಡಿಯ ಮೇಲಿನ ಗೋಡೆಯಲ್ಲಿದೆ. ತೂಕದಕ್ಕ ಅದರ ಮೇಲಿನ ಹಿಟ್ಟಿನ ಧೂಳನ್ನು ಬೆರಳಿನಿಂದ ಒರೆಸುತ್ತಾರೆ.

“ನಮ್ಮಮ್ಮ ಏನೂ ಮರೆತಿಲ್ಲ. ಕೈ ನಡುಗುತ್ತೆ, ಅಷ್ಟೆ.”